ಪದಗಳಿಗೆ ಏಣಿ ಕಟ್ಟಿದ ಗಣಿತದ ಮೇಷ್ಟ್ರು

ಬೆಕ್ಕನ್ನು ನಾಯಿ ಮಾಡಲು ಎಷ್ಟು ಹೆಜ್ಜೆ ಬೇಕು?

ಪೀಣ್ಯದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ಈ ಪ್ರಶ್ನೆ ಕೇಳಿದಾಗ ಎಲ್ಲರೂ ನಕ್ಕುಬಿಟ್ಟರು. ಕರಿಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಕ್ಯಾಟ್ ಎಂದು ಬರೆದು, ಕೆಳಗೆ ಜಾಗ ಬಿಟ್ಟು ಡಾಗ್ ಎಂದು ಬರೆದೆ. ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸಬೇಕು. ಪ್ರತಿ ಸಲವೂ ಅರ್ಥವಿರುವ ಪದವೇ ಬರಬೇಕು. ಇಷ್ಟೇ ನಿಯಮ. ಸಿ-ಎ-ಟಿ ಪದದ ಎ ಅಳಿಸಿ ಓ ಬರೆದರೆ ಸಿ-ಓ-ಟಿ, ಕಾಟ್, ಅಂದರೆ ಮಂಚ. ಅಲ್ಲಿಂದ ಒಬ್ಬ ಹುಡುಗಿ ಟಿ ಅಳಿಸಿ ಜಿ ಬರೆದಳು. ಸಿ-ಓ-ಜಿ, ಕಾಗ್! ಅಂಥ ಪದ ಇದೆಯೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ನಿಘಂಟು ತೆರೆದೆವು. ಇತ್ತು! ಗೇರ್ ಚಕ್ರದ ಹಲ್ಲಿಗೆ ಕಾಗ್ ಎಂದು ಹೆಸರು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, ತನ್ನಪ್ಪ ಗೇರ್ ಕಟಿಂಗ್ ಮಷೀನಿನಲ್ಲೇ ಕೆಲಸ ಮಾಡುವುದು ಎಂದ. ಅಪ್ಪ ದಿನವೂ ಕತ್ತರಿಸುವ ಆ ಹಲ್ಲಿನ ಇಂಗ್ಲಿಷ್ ಹೆಸರು ಮಗನಿಗೆ ಸಿಕ್ಕಿದ್ದು ಬೆಕ್ಕು-ನಾಯಿ ಆಟದಲ್ಲಿ. ಕಾಗ್‌ನಿಂದ ಡಾಗ್‌ಗೆ ಇನ್ನೊಂದೇ ಹೆಜ್ಜೆ.

ಈ ಆಟವನ್ನು ಕಂಡುಹಿಡಿದವರು ಲೂಯಿಸ್ ಕ್ಯಾರಲ್. ಇವರು ಬರೆದ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಯನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಆದರೆ ಅವರು ಗಣಿತದ ಮೇಷ್ಟ್ರಾಗಿದ್ದರು ಎಂಬುದು ಗೊತ್ತೇ?

ಅವರ ನಿಜವಾದ ಹೆಸರು ಚಾರ್ಲ್ಸ್ ಲಟ್‌ವಿಜ್ ಡಾಡ್ಜ್‌ಸನ್. 1832ರ ಜನವರಿ 27ರಂದು ಇಂಗ್ಲೆಂಡಿನ ಡೇರ್ಸ್‌ಬರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಪಾದ್ರಿ. ಮನೆಯಲ್ಲಿ ಒಟ್ಟು 11 ಮಕ್ಕಳು, ಗಂಡುಮಕ್ಕಳಲ್ಲಿ ಇವರೇ ಹಿರಿಯರು. ತಮ್ಮ ತಂಗಿಯರಿಗಾಗಿ ಆಟಗಳನ್ನು ಹೊಸೆಯುತ್ತಿದ್ದರು, ಕೈಬರಹದ ಪತ್ರಿಕೆಗಳನ್ನು ಮಾಡುತ್ತಿದ್ದರು. ಅವರಿಗೆ ಮಾತಿನಲ್ಲಿ ತೊದಲು ಇತ್ತು, ಅದು ಕೊನೆಯವರೆಗೂ ಹೋಗಲಿಲ್ಲ. ನಾಲಿಗೆಯ ಮೇಲೆ ತಡವರಿಸುತ್ತಿದ್ದ ಪದಗಳು ಕಾಗದದ ಮೇಲೆ ಮಾತ್ರ ಅವರು ಹೇಳಿದಂತೆ ಕುಣಿಯುತ್ತಿದ್ದವು!

ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಓದಿ, 1855ರಿಂದ 1881ರವರೆಗೆ ಅಲ್ಲೇ ಗಣಿತ ಕಲಿಸಿದರು. ಕಥೆ, ಪದ್ಯಗಳಿಗೆ ಬೇರೆ ಹೆಸರು ಬೇಕೆನಿಸಿತು. ಚಾರ್ಲ್ಸ್ ಲಟ್‌ವಿಜ್ ಎಂಬುದನ್ನು ಲ್ಯಾಟಿನ್ ಭಾಷೆಗೆ ತಿರುಗಿಸಿದರು, ಹಿಂದುಮುಂದು ಮಾಡಿದರು, ಮತ್ತೆ ಇಂಗ್ಲಿಷಿಗೆ ತಂದರು. 1856ರಲ್ಲಿ ಹೀಗೆ ಲೂಯಿಸ್ ಕ್ಯಾರಲ್ ಹುಟ್ಟಿದರು. ಆಲಿಸ್‌ಳ ಮೊದಲ ಪುಸ್ತಕ 1865ರಲ್ಲಿ ಬಂತು, ಎರಡನೆಯದು 1871ರಲ್ಲಿ. ಎರಡನೆಯದರಲ್ಲಿ ಅವರೇ ಸೃಷ್ಟಿಸಿದ ಪದಗಳು ಬೇಕಾದಷ್ಟಿವೆ. ಎರಡು ಪದಗಳನ್ನು ಒಂದರೊಳಗೆ ತುರುಕುವುದು ಅವರಿಗೆ ಇಷ್ಟ. ಇಂಥ ಪದಕ್ಕೆ ಪೋರ್ಟ್‌ಮ್ಯಾಂಟೋ ಎಂದು ಹೆಸರಿಟ್ಟರು. ಪೋರ್ಟ್‌ಮ್ಯಾಂಟೋ ಎಂದರೆ ಎರಡು ಭಾಗವಾಗಿ ತೆರೆದುಕೊಳ್ಳುವ ಪ್ರಯಾಣದ ಪೆಟ್ಟಿಗೆ. ಪೀಣ್ಯದ ಮಕ್ಕಳು ಚಳಿಗಾಲದ ಬೆಳಗ್ಗೆ ನೋಡುವ ಸ್ಮಾಗ್ ಕೂಡ ಅಂಥದೇ ಪದ. ಸ್ಮೋಕ್ ಅಂದರೆ ಹೊಗೆ, ಫಾಗ್ ಅಂದರೆ ಮಂಜು. ಕನ್ನಡದಲ್ಲಿ ನಾವು ಹೊಗೆಮಂಜು ಎನ್ನುವಾಗ ಎರಡು ಪದಗಳೂ ಪೂರ್ತಿಯಾಗಿ ಉಳಿಯುತ್ತವೆ. ಪೋರ್ಟ್‌ಮ್ಯಾಂಟೋದಲ್ಲಿ ಎರಡನ್ನೂ ಕತ್ತರಿಸಿ ಅಂಟಿಸುತ್ತಾರೆ.

1877ರ ಕ್ರಿಸ್‌ಮಸ್ ಹೊತ್ತಿಗೆ ಇಬ್ಬರು ಹುಡುಗಿಯರು ಮಾಡಲು ಏನೂ ಕೆಲಸವಿಲ್ಲ, ಒಗಟು ಕೊಡಿ ಎಂದು ಅವರನ್ನು ಪೀಡಿಸಿದರು. ಅವರಿಗಾಗಿ ಹುಟ್ಟಿದ್ದೇ ಈ ಪದಗಳ ಏಣಿ. ಕ್ಯಾರಲ್ ಇಟ್ಟ ಹೆಸರು ಡಬ್ಲೆಟ್ಸ್. 1879ರಲ್ಲಿ ಲಂಡನ್ನಿನ ‘ವ್ಯಾನಿಟಿ ಫೇರ್’ ವಾರಪತ್ರಿಕೆಯಲ್ಲಿ ಇದು ಸ್ಪರ್ಧೆಯಾಗಿ ಶುರುವಾಯಿತು. ಹೆಡ್ ಅಂದರೆ ತಲೆ, ಅದನ್ನು ಟೇಲ್ ಅಂದರೆ ಬಾಲ ಮಾಡುವ ದಾರಿಯನ್ನು ಕ್ಯಾರಲ್ ಅವರೇ ತೋರಿಸಿದರು. ಹೆಡ್, ಹೀಲ್, ಟೀಲ್, ಟೆಲ್, ಟಾಲ್, ಟೇಲ್. ಕಾಗುಣಿತ ಬರೆದು ನೋಡಿ, ಪ್ರತಿ ಸಲವೂ ಒಂದೇ ಅಕ್ಷರ ಬದಲಾಗಿದೆ. ಇವುಗಳಲ್ಲಿ ಟೀಲ್ ಯಾವುದು? ಅದೊಂದು ಪುಟ್ಟ ಕಾಡುಬಾತು, ಚಳಿಗಾಲದಲ್ಲಿ ಶೀತದೇಶಗಳಿಂದ ನಮ್ಮ ಕೆರೆಗಳಿಗೂ ವಲಸೆ ಬರುತ್ತದೆ.

ಕಡಿಮೆ ಹೆಜ್ಜೆಯಲ್ಲಿ ಮುಗಿಸಿದವರೇ ಜಾಣರು. ಹಾಗಾಗಿ ಓದುಗರು ನಿಘಂಟಿನ ಮೂಲೆಗಳಿಂದ ಯಾರೂ ಕೇಳಿರದ ಪದಗಳನ್ನು ಹೆಕ್ಕಿ ತಂದರು. ಇದು ಪದವೇ ಅಲ್ಲ, ಹೌದು ಪದವೇ ಎಂದು ವಾದ ಹತ್ತಿಕೊಂಡಿತು. ಕೊನೆಗೆ ಕ್ಯಾರಲ್ ಎಲ್ಲರಿಗೂ ತಿಳಿದಿರುವ ಪದಗಳ ಪಟ್ಟಿಯನ್ನೇ ತಯಾರಿಸಿ, ಇದರಲ್ಲಿರುವುದು ಮಾತ್ರ ನಡೆಯುತ್ತದೆ ಎಂದರು. ನನಗೇನೋ ಆ ಪಟ್ಟಿ ಅಷ್ಟು ಹಿಡಿಸಲಿಲ್ಲ. ಗೊತ್ತಿಲ್ಲದ ಪದ ಎದುರಾಗುವುದೇ ಅಲ್ಲವೇ ಇದರ ಸೊಗಸು? ಆದರೆ ಗಣಿತದ ಮೇಷ್ಟ್ರ ಕಷ್ಟವೂ ಅರ್ಥವಾಗುತ್ತದೆ. ಆಟದಲ್ಲಿ ಯಾವ ಪದಗಳಿವೆ ಎಂದು ಮೊದಲೇ ತಿಳಿಯದಿದ್ದರೆ ಯಾರ ದಾರಿ ಅತಿ ಚಿಕ್ಕದು ಎಂದು ತೀರ್ಮಾನಿಸುವುದು ಹೇಗೆ?

ಕ್ಯಾರಲ್ 1898ರ ಜನವರಿ 14ರಂದು ತೀರಿಕೊಂಡರು. ಆಟ ಉಳಿಯಿತು. 1970ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಎಂಬ ಜೀವವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಇಂಥದೇ ಏಣಿ ಹತ್ತಿದರು. ವರ್ಡ್, ವೋರ್, ಗೋರ್, ಗಾನ್, ಜೀನ್. ಮೊದಲನೆಯದು ಪದ, ಕೊನೆಯದು ವಂಶವಾಹಿ! ನಮ್ಮ ದೇಹದ ಪ್ರೋಟೀನುಗಳು ಅಮೈನೋ ಆಮ್ಲಗಳ ಸರಪಳಿಗಳು. ಲಕ್ಷಾಂತರ ವರ್ಷಗಳಲ್ಲಿ ಒಂದು ಪ್ರೋಟೀನು ಇನ್ನೊಂದಾಗುವಾಗ ಒಂದೊಂದೇ ಕೊಂಡಿ ಬದಲಾಗುತ್ತದೆ. ನಡುವಿನ ಹಂತಗಳಲ್ಲೂ ಅದು ಕೆಲಸ ಮಾಡುತ್ತಿರಬೇಕು. ಇಲ್ಲದಿದ್ದರೆ ಆ ಜೀವಿಯೇ ಉಳಿಯದೆ ಹೋಗಬಹುದು. ನಡುವೆ ಅರ್ಥವಿಲ್ಲದ ಪದ ಬರಬಾರದು ಎಂಬ ಆಟದ ನಿಯಮವೂ ಇದೇ ತಾನೇ?

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಐದು ಅಕ್ಷರಗಳ 5,757 ಇಂಗ್ಲಿಷ್ ಪದಗಳನ್ನು ಹೀಗೆ ಜೋಡಿಸಿ ನೋಡಿದರು. 671 ಪದಗಳಿಗೆ ನೆಂಟರೇ ಇರಲಿಲ್ಲ. ಅವುಗಳಲ್ಲಿ ಒಂದು ಅಲೂಫ್. ಅದರ ಅರ್ಥ, ದೂರ ಉಳಿದದ್ದು!

ಪೀಣ್ಯದ ಮಕ್ಕಳು ಕನ್ನಡದಲ್ಲೂ ಆಡಿದರು. ಗುಣಿತ, ಒತ್ತು ಸೇರಿ ಒಂದು ಅಕ್ಷರ ಎಂದು ಲೆಕ್ಕ. ಕಾಡು ಒಂದೇ ಹೆಜ್ಜೆಗೆ ನಾಡಾಯಿತು. ಮರವನ್ನು ಫಲ ಮಾಡಲು ನಾನು ಮರ, ಬರ, ಬಲ, ಫಲ ಎಂದು ಮೂರು ಹೆಜ್ಜೆ ಹಾಕಿದೆ. ಒಬ್ಬ ಹುಡುಗ ಎರಡೇ ಹೆಜ್ಜೆಯಲ್ಲಿ ಮುಗಿಸಿ ಇಡೀ ತರಗತಿಯನ್ನು ನಗಿಸಿದ. ಅವನ ನಡುವಿನ ಪದವನ್ನು ನಾನಿಲ್ಲಿ ಬರೆಯುವುದಿಲ್ಲ!

ಈಗ ನಿಮ್ಮ ಸರದಿ. ಹಾಲು ಎಂಬ ಪದವನ್ನು ತಾಯಿ ಮಾಡಿ. ಹಾಯಿ ದಾಟಿ ಹೋದರೆ ಎರಡು ಹೆಜ್ಜೆ. ಎರಡೇ ಹೆಜ್ಜೆಯ ಇನ್ನೊಂದು ದಾರಿಯೂ ಇದೆ. ಅದರ ನಡುವಿನ ಪದ ಅಪರೂಪದ್ದು, ಆದರೆ ಅದು ಹೆಸರಿಸುವ ಭಾಗ ನಿಮ್ಮ ಬಾಯಿಯೊಳಗೇ ಇದೆ. ನಿಘಂಟು ತೆರೆಯಿರಿ.