ವೇಗದ ದೇವರಿಗೆ ಕಾಣಿಕೆ

ನಮ್ಮ ಗ್ಯಾಂಗಿನಲ್ಲಿ ನಾಲ್ಕು ಜನ, ಎರಡು ಬೈಕು. ಎರಡೂ 100 ಸಿಸಿ. ಹೋದ ಸೆಮಿಸ್ಟರ್‌ನಲ್ಲಿ ನಾಲ್ಕೂ ಜನ ದುಡ್ಡು ಹಾಕಿ ಅದರಲ್ಲೊಂದಕ್ಕೆ ಹೊಸ ಸೈಲೆನ್ಸರ್ ಕೂರಿಸಿದೆವು, ಜೊತೆಗೆ ಒಂದು ಕೋನ್ ಏರ್ ಫಿಲ್ಟರ್. ನಾಲ್ಕು ಬೋಲ್ಟ್ ಬಿಚ್ಚಿ ನಾಲ್ಕು ಬೋಲ್ಟ್ ಹಾಕಿದ್ರೆ ಟಾಪ್ ಸ್ಪೀಡ್ ಹದಿನೈದಾದ್ರೂ ಜಾಸ್ತಿ ಆಗುತ್ತೆ ಅಂತ ನಂಬಿದ್ದೆವು. ಹಾಕೋ ಮುಂಚೆ ಫೋನಿನ ಜಿಪಿಎಸ್‌ನಲ್ಲಿ ನೋಡಿದಾಗ ಗಂಟೆಗೆ 84 ಕಿಲೋಮೀಟರ್ ಬಂದಿತ್ತು. ಹಾಕಿದ ಮೇಲೆ 85 ಬಂತು. ಸದ್ದು ಮಾತ್ರ ನಾಲ್ಕು ಪಟ್ಟು ಆಗಿತ್ತು.

ಆದ್ರೂ ನಾವು ಸೋಲು ಒಪ್ಪಲಿಲ್ಲ. ಲಾಂಗ್ ರೈಡ್‌ನಲ್ಲಿ ಇಂಜಿನ್ ಸೆಟ್ ಆಗುತ್ತೆ ಅಂತ ಒಬ್ಬ ಹೇಳಿದ. ಸರಿ, ದಾವಣಗೆರೆಯಿಂದ ಉಕ್ಕಡಗಾತ್ರಿಗೆ ಹೊರಟೆವು. ಹರಿಹರ, ಮಲೇಬೆನ್ನೂರು ದಾಟಿ ತುಂಗಭದ್ರಾ ನದಿ ದಂಡೆಗೆ ಹೋಗೋ ದಾರಿ. ಅವತ್ತು ಅಮಾವಾಸ್ಯೆ ಅನ್ನೋದು ನಮ್ಮ ತಲೇಲಿ ಇರಲೇ ಇಲ್ಲ. ಅಮಾವಾಸ್ಯೆಗೆ ಕರಿಬಸವೇಶ್ವರ ಅಜ್ಜಯ್ಯನ ದರ್ಶನಕ್ಕೆ ಎಷ್ಟು ಜನ ಬರ್ತಾರೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಟ್ರ್ಯಾಕ್ಟರ್, ಟೆಂಪೋ, ನಡ್ಕೊಂಡು ಹೋಗೋರು, ಮೈಮೇಲೆ ಪ್ರಜ್ಞೆ ಇಲ್ಲದ ಮಗಳನ್ನ ಹಿಡ್ಕೊಂಡು ಹೋಗೋ ತಾಯಂದಿರು. ಊರು ಹತ್ತಿರ ಬಂದಾಗ ನಮ್ಮ ಬೈಕಿನ ಸದ್ದಿಗೆ ರಸ್ತೆ ಬದಿಯಲ್ಲಿ ಹೋಗ್ತಿದ್ದ ಒಬ್ಬ ಅಜ್ಜಿ ಬೆಚ್ಚಿಬಿದ್ದು ಪಕ್ಕಕ್ಕೆ ಹಾರೋಕೆ ಹೋಗಿ ಬಿದ್ದರು. ಮೊಣಕೈ ತರಚಿತು, ಅಷ್ಟೇ. ಅವರು ನಮ್ಮನ್ನ ಬೈಯಲಿಲ್ಲ. ಕೈಯಲ್ಲಿದ್ದ ಕಾಯಿ ಉರುಳಿ ಹೋಗಿತ್ತು, ಅದನ್ನ ಹುಡುಕಿ ಕೊಡಿ ಅಂದರು. ನಾವು ಹುಡುಕಿ ಕೊಟ್ಟೆವು. ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ.

ಆ ವಾರವೇ ನಾವು ಬರ್ಟ್ ಮನ್ರೋ ಬಗ್ಗೆ ಓದಿದ್ದು. ಆಂಥನಿ ಹಾಪ್ಕಿನ್ಸ್ ಮಾಡಿದ 2005ರ ಸಿನಿಮಾ ನಿಮ್ಮಲ್ಲಿ ಕೆಲವರು ನೋಡಿರಬಹುದು. ಚಿಕ್ಕ ಬೈಕೊಂದನ್ನ ನಿಜವಾಗಿಯೂ ಫಾಸ್ಟ್ ಮಾಡೋಕೆ ಏನು ಬೇಕು ಅನ್ನೋದಕ್ಕೆ ಆತನ ಬದುಕಿಗಿಂತ ದೊಡ್ಡ ಉದಾಹರಣೆ ನಮಗೆ ಸಿಗಲಿಲ್ಲ.

ಮನ್ರೋ ಹುಟ್ಟಿದ್ದು 1899ರ ಮಾರ್ಚ್ 25ರಂದು, ನ್ಯೂಜಿಲೆಂಡಿನ ದಕ್ಷಿಣ ತುದಿಯಲ್ಲಿರೋ ಇನ್ವರ್ಕಾರ್ಗಿಲ್‌ನಲ್ಲಿ. ಅವಳಿ ಮಕ್ಕಳಲ್ಲಿ ಒಬ್ಬ. ತಂಗಿ ಹುಟ್ಟುವಾಗಲೇ ತೀರಿಕೊಂಡಳು. ಈ ಹುಡುಗನೂ ಎರಡು ವರ್ಷ ಬದುಕೋದು ಕಷ್ಟ ಅಂತ ಡಾಕ್ಟರ್ ಹೇಳಿದ್ದರಂತೆ. ಬೆಳೆದಿದ್ದು ಹತ್ತಿರದ ಎಡೆನ್‌ಡೇಲ್‌ನ ಹೊಲ, ದನಕರುಗಳ ನಡುವೆ. ಹೊಲದ ಕೆಲಸ ಆತನಿಗೆ ಬೇಸರ. ಕುದುರೆ ಇದ್ದರೆ ಊರಿನಲ್ಲೇ ಅತಿ ವೇಗದ ಕುದುರೆ ಬೇಕು, ಬೈಕ್ ಬಂದ ಮೇಲೆ ಅದೂ ಹಾಗೇ ಆಗಬೇಕು. ಅಂಥ ಸ್ವಭಾವ.

1920ರಲ್ಲಿ ಆತ ಒಂದು ಹೊಸ ಬೈಕ್ ಕೊಂಡ. ಹೆಸರು ಇಂಡಿಯನ್ ಸ್ಕೌಟ್. ಹೆಸರು ನೋಡಿ ನಮ್ಮ ದೇಶದ್ದು ಅಂದ್ಕೊಳ್ಳಬೇಡಿ, ನಾವೂ ಮೊದಲು ಹಾಗೇ ಅಂದ್ಕೊಂಡಿದ್ದೆವು. ಇಂಡಿಯನ್ ಅನ್ನೋದು ಅಮೆರಿಕದ ಕಂಪನಿ. ಇಂಜಿನ್ ನಂಬರ್ 50ಆರ್627. ವಿ ಆಕಾರದಲ್ಲಿ ಎರಡು ಸಿಲಿಂಡರ್, 600 ಸಿಸಿ, ಸೈಡ್ ವಾಲ್ವ್ ಇಂಜಿನ್. ಕಂಪನಿಯಿಂದ ಬಂದಾಗ ಅದರ ಟಾಪ್ ಸ್ಪೀಡ್ ಗಂಟೆಗೆ 89 ಕಿಲೋಮೀಟರ್. ಅಂದ್ರೆ ಹೆಚ್ಚೂ ಕಡಿಮೆ ನಮ್ಮ 100 ಸಿಸಿ ಬೈಕಿನ ವೇಗವೇ. ಇದನ್ನ ಓದಿದಾಗ ನಾವು ನೆಟ್ಟಗೆ ಕೂತೆವು.

ಆತ ಅದನ್ನ ಬದಲಾಯಿಸೋಕೆ ಶುರು ಮಾಡಿದ್ದು 1926ರಲ್ಲಿ. ಕೈಯಲ್ಲಿ ದುಡ್ಡಿಲ್ಲ. ಕೊಂಡು ತಂದು ಬೋಲ್ಟ್ ಹಾಕೋಣ ಅಂದ್ರೆ ಆ ಊರಲ್ಲಿ ಅಂಥ ಪಾರ್ಟ್ಸ್ ಸಿಗೋದೂ ಇಲ್ಲ. ಹಗಲು ಬೈಕ್ ಮಾರೋ ಕೆಲಸ, ಮೆಕ್ಯಾನಿಕ್ ಕೆಲಸ. ರಾತ್ರಿ ಶೆಡ್ಡಿನಲ್ಲಿ ಸ್ಕೌಟ್. ಹಳೇ ಡಬ್ಬಿಗಳಲ್ಲಿ ಲೋಹ ಕರಗಿಸಿ ಹೊಯ್ದು ಪಿಸ್ಟನ್ ಮಾಡಿದ. ಸಿಲಿಂಡರ್ ಬ್ಯಾರೆಲ್‌ಗೆ ಹಳೇ ಗ್ಯಾಸ್ ಪೈಪ್. ಕನೆಕ್ಟಿಂಗ್ ರಾಡ್‌ಗೆ ಟ್ರ್ಯಾಕ್ಟರಿನ ಆಕ್ಸಲ್, ಅದನ್ನ ಕೊರೆದು, ಉಜ್ಜಿ, ಕಾಯಿಸಿ ಹದ ಮಾಡಿದ್ದು. ಅಳತೆಗೆ ಮೈಕ್ರೋಮೀಟರ್ ಬದಲು ಚಕ್ರದ ಹಳೇ ಕಡ್ಡಿ. ಸೈಡ್ ವಾಲ್ವ್ ಇಂಜಿನನ್ನೇ ಓವರ್‌ಹೆಡ್ ವಾಲ್ವ್ ಇಂಜಿನ್ ಮಾಡಿಬಿಟ್ಟ. ಕ್ಯಾಮ್‌ಗಳ ವಿನ್ಯಾಸವೂ ಆತನದ್ದೇ. ನಮ್ಮ ವರ್ಕ್‌ಶಾಪ್ ಲ್ಯಾಬಿನಲ್ಲಿ ಲೇತ್ ಮೇಲೆ ಒಂದು ಸ್ಟೆಪ್ ಟರ್ನಿಂಗ್ ಮಾಡೋಕೆ ನಮಗೆ ಮೂರು ಗಂಟೆ ಸಾಲಲಿಲ್ಲ. ಅದೂ ಪಕ್ಕದ ಹರಿಹರದಲ್ಲೇ 1941ರಿಂದ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸಿ ದೇಶಕ್ಕೆಲ್ಲ ಕಳಿಸಿದ ಜಿಲ್ಲೆಯ ಹುಡುಗರು ನಾವು.

ಮನ್ರೋ ಮಾಡಿದ ಪಾರ್ಟ್ಸ್ ಎಲ್ಲ ಚೆನ್ನಾಗಿ ಓಡಿದವು ಅಂದ್ಕೊಳ್ಳಬೇಡಿ. ಒಡೆದವು, ಮತ್ತೆ ಮತ್ತೆ ಒಡೆದವು. ಪಿಸ್ಟನ್ ಕರಗಿತು, ರಾಡ್ ಮುರಿಯಿತು. ಒಡೆದ ಪಾರ್ಟ್ಸನ್ನ ಆತ ಎಸೀಲಿಲ್ಲ. ಶೆಡ್ಡಿನ ಒಂದು ಶೆಲ್ಫಿನಲ್ಲಿ ಜೋಡಿಸಿ, ಇವೆಲ್ಲ ವೇಗದ ದೇವರಿಗೆ ಕಾಣಿಕೆ ಅನ್ನೋ ಅರ್ಥದಲ್ಲಿ ಬರೆದಿಟ್ಟ. ತಮಾಷೆ ಅನ್ನಿಸುತ್ತೆ. ಆದ್ರೆ ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಅದು ಫೇಲ್ಯೂರ್ ರೆಕಾರ್ಡ್. ಯಾವುದು ಎಲ್ಲಿ ಮುರಿಯಿತು ಅನ್ನೋದು ಕಣ್ಣೆದುರಿಗೇ ಇತ್ತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಬೈಕ್ ಜೋರಾಗಿ ಹೋಗುವಾಗ ಅದನ್ನ ತಡೆಯೋದು ಮುಖ್ಯವಾಗಿ ಗಾಳಿ. ಗಾಳಿಯ ತಡೆ ವೇಗದ ವರ್ಗದಷ್ಟು ಬೆಳೆಯುತ್ತೆ. ಆ ತಡೆಯನ್ನ ತಳ್ಳೋಕೆ ಬೇಕಾದ ಪವರ್ ವೇಗದ ಘನದಷ್ಟು ಬೆಳೆಯುತ್ತೆ. ಅಂದ್ರೆ ವೇಗ ಎರಡು ಪಟ್ಟು ಆಗಬೇಕಾದ್ರೆ ಪವರ್ ಎಂಟು ಪಟ್ಟು ಬೇಕು. ಈಗ ನಮ್ಮ ಸೈಲೆನ್ಸರ್ ಮತ್ತು ಫಿಲ್ಟರ್ ಸೇರಿ ಪವರ್ ಶೇಕಡಾ 10 ಹೆಚ್ಚಿಸಿತು ಅಂತ ಧಾರಾಳವಾಗಿ ಇಟ್ಕೊಳ್ಳೋಣ. 1.1ರ ಘನಮೂಲ 1.03. ಅಂದ್ರೆ 84 ಇದ್ದಿದ್ದು ಹೆಚ್ಚಂದ್ರೆ 87ರ ಹತ್ತಿರ ಹೋಗಬಹುದು. ಪವರ್ ಎರಡು ಪಟ್ಟು ಮಾಡಿದ್ರೂ 106 ದಾಟಲ್ಲ. ಫಸ್ಟ್ ಸೆಮ್‌ನ ಗಣಿತ ಇದು. ದುಡ್ಡು ಹಾಕೋ ಮುಂಚೆ ನಮ್ಮಲ್ಲಿ ಒಬ್ಬನೂ ಈ ಲೆಕ್ಕ ಮಾಡಿರಲಿಲ್ಲ.

ಶೇಕಡಾ 10 ಕೂಡ ಸುಮ್ಮನೆ ಬರಲ್ಲ. ಗಾಳಿ ಜಾಸ್ತಿ ಒಳಗೆ ಬಂದು ಪೆಟ್ರೋಲ್ ಅಷ್ಟೇ ಇದ್ರೆ ಮಿಶ್ರಣ ಲೀನ್ ಆಗುತ್ತೆ, ಇಂಜಿನ್ ಬಿಸಿ ಆಗುತ್ತೆ, ಕೆಲವು ಸಲ ಪವರ್ ಇನ್ನೂ ಕಡಿಮೆ ಆಗುತ್ತೆ. ಸೈಲೆನ್ಸರ್ ಪೈಪಿನ ಉದ್ದ, ಅಗಲವನ್ನ ಕಂಪನಿಯವರು ಆ ಇಂಜಿನ್ ಓಡೋ ಆರ್‌ಪಿಎಂಗೆ ಹೊಂದುವ ಹಾಗೆ ಮಾಡಿರ್ತಾರೆ. ಅದನ್ನ ಬದಲಾಯಿಸಿದ್ರೆ ಕೆಳಗಿನ ಎಳೆತ ಹೋಗಬಹುದು. ಹಿಂದಿನ ಸ್ಪ್ರಾಕೆಟ್ ಚಿಕ್ಕದು ಮಾಡಿದ್ರೆ ಸ್ಪೀಡ್ ಬರುತ್ತೆ ಅಂತ ಇನ್ನೊಂದು ನಂಬಿಕೆ ಇದೆ. ಗೇರಿಂಗ್ ಉದ್ದ ಆಗುತ್ತೆ, ನಿಜ. ಆದ್ರೆ ಆ ಆರ್‌ಪಿಎಂನಲ್ಲಿ ಗಾಳಿ ತಳ್ಳೋ ಪವರ್ ಇಲ್ಲದಿದ್ರೆ ಟಾಪ್ ಗೇರಿನಲ್ಲಿ ಬೈಕ್ ಮೊದಲಿಗಿಂತ ನಿಧಾನ ಹೋಗುತ್ತೆ.

ಈಗ ಮನ್ರೋ ಲೆಕ್ಕ ನೋಡಿ. 89ರಿಂದ ಕೊನೆಗೆ ಆತ ತಲುಪಿದ್ದು 296. ಅಂದ್ರೆ 3.3 ಪಟ್ಟು. ಬೈಕಿನ ಆಕಾರ ಹಾಗೇ ಇದ್ದಿದ್ರೆ ಸುಮಾರು 37 ಪಟ್ಟು ಪವರ್ ಬೇಕಿತ್ತು. ಆದ್ರೆ ಇಂಜಿನ್ 600ರಿಂದ 950 ಸಿಸಿಗೆ ಹೋಯ್ತು ಅಷ್ಟೇ, 1.6 ಪಟ್ಟು. ಉಳಿದಿದ್ದು ಎಲ್ಲಿಂದ ಬಂತು? ಒಂದಷ್ಟು ಇಂಜಿನ್ ಒಳಗಿನ ಕೆಲಸದಿಂದ, ವಾಲ್ವ್, ಕ್ಯಾಮ್, ಆರ್‌ಪಿಎಂನಿಂದ. ಇನ್ನೊಂದು ದೊಡ್ಡ ಪಾಲು ಗಾಳಿಯನ್ನ ಸೀಳೋ ಕವಚದಿಂದ. ಆತ ಬೈಕಿನ ಮೇಲೆ ಮೀನಿನಂಥ ಉದ್ದನೆ ಕವಚ ಕೂರಿಸಿ, ಅದರೊಳಗೆ ಬಗ್ಗಿ ಮಲಗಿ ಓಡಿಸ್ತಿದ್ದ. ಪವರ್ ಹೆಚ್ಚಿಸೋದರ ಜೊತೆಗೆ ತಡೆಯನ್ನ ಕಡಿಮೆ ಮಾಡೋದು. ಸದ್ದು ಈ ಲೆಕ್ಕದಲ್ಲಿ ಎಲ್ಲೂ ಬರಲ್ಲ.

ಇದಕ್ಕೆಲ್ಲ ಎಷ್ಟು ವರ್ಷ ಹಿಡೀತು ಅಂತ ಕೇಳಿದ್ರೆ, ಪೂರ್ತಿ ಒಂದು ಆಯಸ್ಸು. 1927ರಲ್ಲಿ ಮದುವೆ, ನಾಲ್ಕು ಮಕ್ಕಳು. 1940ರಲ್ಲಿ ನ್ಯೂಜಿಲೆಂಡಿನ ರಸ್ತೆ ದಾಖಲೆ, ಗಂಟೆಗೆ 194 ಕಿಲೋಮೀಟರ್. ಅದು 12 ವರ್ಷ ಉಳೀತು. 1947ರಲ್ಲಿ ವಿಚ್ಛೇದನ. ಆಮೇಲೆ ಕೆಲಸ ಬಿಟ್ಟು ಒಂದು ಗ್ಯಾರೇಜಿನಲ್ಲೇ ವಾಸ, ಹಗಲು ರಾತ್ರಿ ಬೈಕಿನದ್ದೇ ಕೆಲಸ. ಹತ್ತಿರದ ಓರೆಟಿ ಕಡಲ ತೀರದ ಗಟ್ಟಿ ಮರಳು ಆತನ ಪ್ರಯೋಗಶಾಲೆ. ವಯಸ್ಸಾಗ್ತಾ ಬಂದ ಹಾಗೆ ಹೃದಯದ ತೊಂದರೆ ಶುರುವಾಯ್ತು. ಇದನ್ನೆಲ್ಲ ಬರೆಯುವಾಗ ನಮಗೆ ಆತನ ಮೇಲೆ ಬರೀ ಮೆಚ್ಚುಗೆ ಇಲ್ಲ. ಆ ಶೆಲ್ಫಿನಲ್ಲಿ ಇಟ್ಟ ಕಾಣಿಕೆ ಬರೀ ಪಿಸ್ಟನ್ ಅಲ್ಲ ಅಂತಲೂ ಅನ್ನಿಸುತ್ತೆ.

ಅಮೆರಿಕದ ಯೂಟಾ ರಾಜ್ಯದಲ್ಲಿ ಬಾನ್‌ವಿಲ್ ಅನ್ನೋ ಉಪ್ಪಿನ ಬಯಲಿದೆ. ಮೈಲುಗಟ್ಟಲೆ ಬಿಳೀ ನೆಲ, ಮರ ಇಲ್ಲ, ಮನೆ ಇಲ್ಲ, ದಾರಿಹೋಕರಿಲ್ಲ. ವೇಗದ ದಾಖಲೆ ಮಾಡೋರು ಹೋಗೋ ಜಾಗ. ಮನ್ರೋ ಅಲ್ಲಿಗೆ ಹತ್ತು ಸಲ ಹೋದ. ಮೊದಲನೇ ಸಲ ಬರೀ ನೋಡೋಕೆ. 1962ರಲ್ಲಿ, 63ನೇ ವಯಸ್ಸಿನಲ್ಲಿ, ಗಂಟೆಗೆ 288 ಕಿಲೋಮೀಟರ್ ಓಡಿಸಿ ತನ್ನ ವರ್ಗದ ದಾಖಲೆ ಮಾಡಿದ. 1966ರಲ್ಲಿ ಇನ್ನೊಂದು. 1967ರಲ್ಲಿ ಮೂರನೆಯದು. ಆಗ ಆತನಿಗೆ 68 ವರ್ಷ, ಬೈಕಿಗೆ 47.

ಆ ವರ್ಷ ಆತ ಬಿದ್ದಿದ್ದೂ ಉಂಟು. ಓಟದ ಮಧ್ಯೆ ಬೈಕ್ ಓಲಾಡೋಕೆ ಶುರುವಾಯ್ತು. ವೇಗ ಇಳಿಸೋಕೆ ಆತ ಎದ್ದು ಕೂತು ಎದೆಗೆ ಗಾಳಿ ಹಿಡಿದ. ಗಾಳಿ ಕನ್ನಡಕ ಕಿತ್ತುಕೊಂಡು ಹೋಯ್ತು. ಏನೂ ಕಾಣದೆ ಕೊನೆಗೆ ಬೈಕನ್ನ ಮಗ್ಗುಲಾಗಿ ಮಲಗಿಸಿ ಜಾರಿದ. ಆ ಬಯಲಿನಲ್ಲಿ ಬಿದ್ದಿದ್ದು ಆತ ಒಬ್ಬನೇ, ಬೇರೆ ಯಾರೂ ಅಲ್ಲ. ನಾವು ಇದನ್ನ ಓದುವಾಗ ನಮ್ಮ ಕಣ್ಣ ಮುಂದೆ ಬಂದಿದ್ದು ಆ ಅಜ್ಜಿ.

ಇನ್ನೊಂದು ವಿಷಯ. ಅಲ್ಲಿ ದಾಖಲೆ ಆಗಬೇಕಾದ್ರೆ ಒಂದೇ ದಿಕ್ಕಿನಲ್ಲಿ ಓಡಿಸಿದ್ರೆ ಸಾಲದು. ಹೋಗಿ ಅದೇ ದಾರೀಲಿ ವಾಪಸ್ ಬರಬೇಕು, ಎರಡರ ಸರಾಸರಿ ತಗೋತಾರೆ. ಗಾಳಿ ಹಿಂದಿನಿಂದ ತಳ್ಳಿ ಸಿಕ್ಕ ಲಾಭ ಹೀಗೆ ಕಳೆದುಹೋಗುತ್ತೆ. ನಾವು 84, 85 ಅಂತ ಅಳೆದಿದ್ದು ಒಂದೊಂದೇ ಸಲ, ಒಂದೇ ದಿಕ್ಕಿನಲ್ಲಿ, ಬೇರೆ ಬೇರೆ ದಿನ. ಅಂದ್ರೆ ಆ ಒಂದು ಕಿಲೋಮೀಟರ್ ಸೈಲೆನ್ಸರಿನದ್ದಾ, ಗಾಳೀದಾ ಅಂತ ಹೇಳೋ ಹಾಗೇ ಇಲ್ಲ. ಲ್ಯಾಬಿನಲ್ಲಿ ಇಂಥ ರೀಡಿಂಗ್ ತಗೊಂಡಿದ್ರೆ ರೆಕಾರ್ಡ್ ಬುಕ್ ವಾಪಸ್ ಬರ್ತಿತ್ತು.

ಮನ್ರೋ ದಾಖಲೆಯ ಲೆಕ್ಕವೂ ಒಮ್ಮೆ ತಪ್ಪಿತ್ತು. 1967ರಲ್ಲಿ ಬರೆದಿದ್ದು ಗಂಟೆಗೆ 295.45 ಕಿಲೋಮೀಟರ್. 2014ರಲ್ಲಿ ಆತನ ಮಗ ಆ ಲೆಕ್ಕದಲ್ಲಿ ತಪ್ಪು ಕಂಡುಹಿಡಿದರು, ಸರಿ ಮಾಡಿದಾಗ 296.26 ಆಯ್ತು. ಅಪ್ಪ ತೀರಿಕೊಂಡ 36 ವರ್ಷದ ಮೇಲೆ ಬೈಕ್ ಇನ್ನೂ ಸ್ವಲ್ಪ ಫಾಸ್ಟ್ ಆಯ್ತು ಅನ್ನಬಹುದು, ಯಾವ ಬೋಲ್ಟ್ ಮುಟ್ಟದೆ.

ಕೊನೆಯ ವರ್ಷಗಳಲ್ಲಿ ಆತನಿಗೆ ಪಾರ್ಶ್ವವಾಯು ಆಯ್ತು. ಕೈ ಮೊದಲಿನ ಹಾಗೆ ಮಾತು ಕೇಳಲಿಲ್ಲ. ಬೈಕುಗಳು ತನ್ನ ಊರಲ್ಲೇ ಇರಲಿ ಅಂತ ಊರಿನ ಒಬ್ಬ ವ್ಯಾಪಾರಿಗೆ ಮಾರಿದ. 1978ರ ಜನವರಿ 6ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡ. ಸ್ಕೌಟ್ ಬೈಕು ಇನ್ವರ್ಕಾರ್ಗಿಲ್‌ನ ಒಂದು ಹಾರ್ಡ್‌ವೇರ್ ಅಂಗಡಿ ಸೇರಿತು, ನಟ್ಟು ಬೋಲ್ಟುಗಳ ನಡುವೆ. ಆತನಿಗೆ ಅದಕ್ಕಿಂತ ಒಳ್ಳೆ ಜಾಗ ಇರಲಿಕ್ಕಿಲ್ಲ.

ಬೈಕ್ ಮುಟ್ಟಬೇಡಿ ಅಂತ ನಾವು ಹೇಳ್ತಿಲ್ಲ. ಕಂಪನಿ ಕೊಟ್ಟ ಬೈಕನ್ನ ಹೀಗೆ ಬದಲಾಯಿಸಿ ರಸ್ತೆಗೆ ತರೋದು ಮೋಟಾರು ವಾಹನ ಕಾಯ್ದೆಗೆ ವಿರುದ್ಧ. ಕಿತ್ತ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸೋ ವಿಡಿಯೋ ನಾವೆಲ್ಲ ನೋಡಿದ್ದೇವೆ. ಆದ್ರೆ ಇಂಜಿನ್ ಬಿಚ್ಚಿ ನೋಡೋ ಆಸೆ ಇದ್ರೆ ಕಾಲೇಜಲ್ಲಿ ವರ್ಕ್‌ಶಾಪ್ ಇದೆ, ಬಾಹಾ ಟೀಮ್‌ಗಳಿವೆ, ರೇಸ್ ಟ್ರ್ಯಾಕ್‌ಗಳಿವೆ. ಮನ್ರೋ ಹತ್ರ ಇಲ್ಲದ್ದು ನಮ್ಮ ಹತ್ರ ತುಂಬ ಇದೆ. ಆತನ ಹತ್ರ ಇದ್ದು ನಮ್ಮ ಹತ್ರ ಇಲ್ಲದ್ದು ತಾಳ್ಮೆ ಮತ್ತು ಅಳತೆ. ಅವನ್ನ ಬೋಲ್ಟ್ ಹಾಕಿ ಕೂರಿಸೋಕೆ ಆಗಲ್ಲ.

ನಮ್ಮ ಬೈಕಿಗೆ ಹಳೇ ಸೈಲೆನ್ಸರ್ ವಾಪಸ್ ಬಂದಿದೆ. ಹೊಸದನ್ನ ಮಾರೋಣ ಅಂತ ಒಬ್ಬ ಅಂದ, ಬೇಡ ಅಂತ ಮೂವರು ಅಂದೆವು. ಅದೀಗ ಹಾಸ್ಟೆಲ್ ರೂಮಿನ ಶೆಲ್ಫಿನ ಮೇಲಿದೆ. ಕೆಳಗೆ ಒಂದು ಚೀಟಿ ಅಂಟಿಸಿದ್ದೇವೆ, ಅದರಲ್ಲಿ ಬೆಲೆ, ತಾರೀಖು ಮತ್ತು 84, 85 ಅನ್ನೋ ಎರಡು ಅಂಕಿ ಇವೆ. ಮುಂದಿನ ಅಮಾವಾಸ್ಯೆಗೆ ಮತ್ತೆ ಉಕ್ಕಡಗಾತ್ರಿಗೆ ಹೋಗ್ತೇವೆ, ಈ ಸಲ ಬಸ್ಸಿನಲ್ಲಿ. ಒಂದು ಕಾಯಿ ನಮ್ಮ ಕಡೆಯಿಂದಲೂ ಬಾಕಿ ಇದೆ.