ಕಲ್ಲುಗಳ ಮಾತು ಆಲಿಸಿದ ರಾಬರ್ಟ್ ಬ್ರೂಸ್ ಫೂಟ್



ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾದು ಲಿಂಗಸುಗೂರಿಗೆ ಹೋಗುವ ರಸ್ತೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಸಿಂಧನೂರಿನ ಸುತ್ತ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು, ಎರೆ ಭೂಮಿ. ಮಸ್ಕಿ ಹತ್ತಿರವಾದಂತೆ ಯಾರೋ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುವ ಗುಂಡುಬಂಡೆಗಳ ಗುಡ್ಡ. ಮುಂದೆ ಲಿಂಗಸುಗೂರು ತಾಲೂಕಿನ ಹಟ್ಟಿಯ ಕಡೆಗೆ ಹೋದರೆ ಕಲ್ಲಿನ ಬಣ್ಣವೇ ಬೇರೆ. ಅದು ಕಪ್ಪುಹಸಿರು ಛಾಯೆಯ, ಹಲಗೆಹಲಗೆಯಾಗಿ ಸೀಳುವ ಕಲ್ಲು. ಅದರ ಒಡಲಲ್ಲಿ ಚಿನ್ನವಿದೆ.

ಈ ಕಲ್ಲನ್ನು ನಾವು ಮನೆಯ ಪಾಯಕ್ಕೆ ಹಾಕುತ್ತೇವೆ, ಹೊಲದ ಬದುವಿಗೆ ಇಡುತ್ತೇವೆ. ಇದು ಎಲ್ಲಿಂದ ಬಂತು ಎಂದು ಮಗು ಕೇಳಿದರೆ ದೇವರು ಮಾಡಿದ್ದು ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಆ ಉತ್ತರ ತಪ್ಪಲ್ಲ. ಆದರೆ ಹೇಗೆ ಮಾಡಿದ, ಎಷ್ಟು ಕಾಲ ತೆಗೆದುಕೊಂಡ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆ ಪ್ರಶ್ನೆಯನ್ನು ಹೊತ್ತು ದಕ್ಷಿಣ ಭಾರತವನ್ನೆಲ್ಲ ಸುತ್ತಿ, ನಮ್ಮ ಮಸ್ಕಿಗೂ ಎರಡು ಬಾರಿ ಬಂದುಹೋದ ಒಬ್ಬ ಮನುಷ್ಯನ ಜೀವನವನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಅವರ ಹೆಸರು ರಾಬರ್ಟ್ ಬ್ರೂಸ್ ಫೂಟ್.

ಇಪ್ಪತ್ತನಾಲ್ಕರ ಯುವಕ

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಂ ಪಟ್ಟಣದಲ್ಲಿ. 1858ರ ಕೊನೆಗೆ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. ಆ ಇಲಾಖೆ ಆಗಿನ್ನೂ ಹೊಸದು. ಯಾವ ಜಿಲ್ಲೆಯ ನೆಲದಲ್ಲಿ ಯಾವ ಕಲ್ಲು, ಯಾವ ಅದಿರು ಇದೆ ಎಂದು ನಡೆದು ನೋಡಿ ನಕ್ಷೆ ಬರೆಯುವುದೇ ಅದರ ಕೆಲಸ. ಫೂಟ್ ಅವರಿಗೆ ಒಪ್ಪಿಸಿದ್ದು ಮದ್ರಾಸು, ಹೈದರಾಬಾದು ಮತ್ತು ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಸೀಮೆ. ಅಲ್ಲಿ ಅವರು ಮೂವತ್ತಮೂರು ವರ್ಷ ದುಡಿದರು. ಮದ್ರಾಸಿನಲ್ಲಿ ತಮಿಳು ವಿದ್ವಾಂಸರಾಗಿ ಹೆಸರಾಗಿದ್ದ ರೆವರೆಂಡ್ ಪೀಟರ್ ಪರ್ಸಿವಲ್ ಅವರ ಮಗಳನ್ನು ಮದುವೆಯಾಗಿ ಈ ನಾಡಿನಲ್ಲೇ ನೆಲೆನಿಂತರು.

ಕಲ್ಲನ್ನು ಓದುವ ವಿದ್ಯೆ ಫೂಟ್ ಅವರಿಗೆ ಹಿರಿಯರಿಂದ ಬಂದದ್ದು. ಆ ಹಿರಿಯರಲ್ಲಿ ಒಬ್ಬರನ್ನು ಧರ್ಮಸಭೆ ಚೆನ್ನಾಗಿ ಬಲ್ಲದು. ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್ ಎಂಬ ವೈದ್ಯರು 1669ರಲ್ಲಿ ಫ್ಲಾರೆನ್ಸಿನಲ್ಲಿದ್ದಾಗ ಒಂದು ಸರಳ ಸತ್ಯವನ್ನು ಪ್ರಕಟಿಸಿದರು. ನೀರಿನಲ್ಲಿ ಕೆಸರು ಪದರಪದರವಾಗಿ ಕೂರುತ್ತದೆ. ಆದ್ದರಿಂದ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಭೂವಿಜ್ಞಾನದ ಮೊದಲ ಪಾಠವೇ ಇದು. ಅಷ್ಟರಲ್ಲಿ ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದ್ದ ಸ್ಟೆನ್ಸನ್ ಮುಂದೆ ಗುರುಗಳಾದರು, 1677ರಲ್ಲಿ ಧರ್ಮಾಧ್ಯಕ್ಷರಾದರು. 1988ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರನ್ನು ಪುನೀತರ ಸಾಲಿಗೆ ಸೇರಿಸಿದರು. ಕಲ್ಲಿನ ವಿದ್ಯೆಗೂ ವಿಶ್ವಾಸಕ್ಕೂ ಹಗೆ ಇದೆ ಎಂದುಕೊಂಡವರು ಈ ಹೆಸರನ್ನು ನೆನಪಿನಲ್ಲಿಡಬೇಕು.

ಮರಳು ಕಲ್ಲಾಗುವ ಬಗೆ

1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಫೂಟ್ ಅವರ ಕೈಗೆ ಒಂದು ಕಲ್ಲು ಸಿಕ್ಕಿತು. ಜಂಬಿಟ್ಟಿಗೆಯ ಗರಸನ್ನು ಅಗೆದು ತೆಗೆದ ಗುಂಡಿಯದು. ಬೇರೆಯವರಾದರೆ ಎಸೆದುಬಿಡುತ್ತಿದ್ದರು. ಫೂಟ್ ಅದನ್ನು ತಿರುಗಿಸಿ ನೋಡಿದರು. ಅಂಚುಗಳಿಂದ ಚಕ್ಕೆಗಳನ್ನು ಬೇಕೆಂದೇ ಎಬ್ಬಿಸಿದ ಗುರುತಿತ್ತು. ಅದು ಹಳೆಯ ಶಿಲಾಯುಗದ ಮನುಷ್ಯನ ಕೈಗೊಡಲಿ. ಭಾರತದಲ್ಲಿ ಅಷ್ಟು ಹಿಂದೆಯೇ ಮನುಷ್ಯರು ಬದುಕಿದ್ದರೆಂದು ಆ ಒಂದು ಕಲ್ಲು ತೋರಿಸಿಕೊಟ್ಟಿತು.

ಆ ಕೊಡಲಿಯ ಕಲ್ಲಿನ ಹುಟ್ಟನ್ನೂ ನೋಡಿ. ಅದು ಕ್ವಾರ್ಟ್ಜೈಟ್. ಒಂದು ಕಾಲಕ್ಕೆ ಅದು ಬರೀ ಮರಳು. ನೀರು ಹೊತ್ತು ತಂದ ಮರಳು ತಳದಲ್ಲಿ ಕೂತು, ಅದರ ಮೇಲೆ ಮತ್ತಷ್ಟು ಬಿದ್ದು, ಭಾರಕ್ಕೆ ಒತ್ತಿಕೊಂಡು, ನೀರಿನಲ್ಲಿ ಕರಗಿದ ಖನಿಜಗಳು ಕಾಳುಗಳ ಸಂದಿಯಲ್ಲಿ ಗಾರೆಯಂತೆ ಕೂಡಿ ಮರಳುಗಲ್ಲಾಯಿತು. ಆಮೇಲೆ ನೆಲದೊಳಗಿನ ಶಾಖ, ಒತ್ತಡಗಳಿಗೆ ಸಿಕ್ಕಿ ಕಾಳುಕಾಳು ಬೆಸೆದುಕೊಂಡು ಉಕ್ಕಿನಂತೆ ಗಟ್ಟಿಯಾಯಿತು. ಕಾಲಡಿಯ ಮರಳಿಗೂ ಹೀಗೆ ಒಂದು ಮುಂದಿನ ಜನ್ಮವಿದೆ.

ಬೂದಿಗುಡ್ಡದ ಒಗಟು

ಫೂಟ್ ಅವರ ಮುಂದಿನ ದೊಡ್ಡ ಕೆಲಸ ನಡೆದದ್ದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ. ಕಪ್ಪಗಲ್ಲು, ಸಂಗನಕಲ್ಲುಗಳ ಗುಡ್ಡಗಳಲ್ಲಿ ನಯವಾಗಿ ಉಜ್ಜಿದ ಕಲ್ಲಿನ ಕೊಡಲಿಗಳು, ಅರ್ಧ ಮಾಡಿ ಬಿಟ್ಟವು, ಚಕ್ಕೆಗಳ ರಾಶಿ. ಅಲ್ಲಿ ಹೊಸ ಶಿಲಾಯುಗದವರ ಕೊಡಲಿಯ ಕಾರ್ಖಾನೆಯೇ ಇತ್ತು. ಗುಡ್ಡದ ತುಂಬ ಗ್ರಾನೈಟ್ ಇದ್ದರೂ ಅವರು ಆರಿಸಿದ್ದು ಗ್ರಾನೈಟನ್ನು ಸೀಳಿಕೊಂಡು ಗೋಡೆಯಂತೆ ನಿಂತ ಕರಿಗಲ್ಲನ್ನು. ಗ್ರಾನೈಟ್ ಬಿರುಕು ಬಿಟ್ಟಾಗ ಆಳದಿಂದ ಕರಗಿದ ಶಿಲಾರಸ ಆ ಬಿರುಕಿಗೆ ನುಗ್ಗಿ, ಇಕ್ಕಟ್ಟಿನಲ್ಲಿ ಬೇಗನೆ ಆರಿ ಆದ ಕಲ್ಲು ಅದು. ಬೇಗ ಆರಿದ್ದರಿಂದ ಅದರ ಕಾಳು ಸಣ್ಣದು. ಸಣ್ಣ ಕಾಳಿನ ಕಲ್ಲು ಪುಡಿಯಾಗದೆ ಅಂಚು ಹಿಡಿಯುತ್ತದೆ. ಪುಸ್ತಕ ಓದದ ಆ ಜನರಿಗೆ ಇದು ಗೊತ್ತಿತ್ತು.

ಅಲ್ಲೇ ಒಂದು ಬೂದಿಗುಡ್ಡವಿದೆ. ಅದು ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂದು ಊರವರು ಹೇಳುತ್ತಿದ್ದರು. ಕಿಟ್ಟದಂತೆ ಕರಗಿ ಗಟ್ಟಿಯಾದ ಭಾಗಗಳನ್ನು ಕಂಡವರಿಗೆ ಜ್ವಾಲಾಮುಖಿಯ ನೆನಪಾಗುತ್ತಿತ್ತು. ಫೂಟ್ ಅದನ್ನು ಪರೀಕ್ಷಿಸಿ, ಇದು ಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ಬೂದಿ ಎಂದು ತೀರ್ಮಾನಿಸಿದರು. ಸಗಣಿಯಿಂದ ಗುಡ್ಡವೇ ಎಂದು ನಂಬಲು ಕಷ್ಟವಾಗುವ ಮಾತು. ಆದರೆ ಫೂಟ್ ತೀರಿಕೊಂಡು ನಲವತ್ತೈದು ವರ್ಷದ ಮೇಲೆ ನಡೆದ ಪ್ರಯೋಗಾಲಯದ ಪರೀಕ್ಷೆ ಮತ್ತು ಉತ್ಖನನಗಳು ಅವರ ಮಾತನ್ನೇ ಸ್ಥಿರಪಡಿಸಿದವು. ಪ್ರಕೃತಿ ಮಾಡಿದ್ದು ಯಾವುದು, ಮನುಷ್ಯ ಮಾಡಿದ್ದು ಯಾವುದು ಎಂದು ಬೇರ್ಪಡಿಸುವ ಕಣ್ಣು ಅವರದು.

ಮಸ್ಕಿಗೆ ಬಂದ ಫೂಟ್

1870ರಲ್ಲಿ ಒಮ್ಮೆ, 1888ರಲ್ಲಿ ಮತ್ತೊಮ್ಮೆ ಫೂಟ್ ಮಸ್ಕಿಗೆ ಬಂದರು. ಆಗ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿ ಪುರಾತನ ಜನವಸತಿಯ ಕುರುಹುಗಳನ್ನು ಅವರು ಗುರುತಿಸಿದರು. ಜೊತೆಗೆ ಗ್ರಾನೈಟಿನ ನಡುವೆ ಉದ್ದನೆಯ ಪಟ್ಟಿಯಾಗಿ ಹರಿದಿರುವ ಕಪ್ಪುಹಸಿರು ಕಲ್ಲನ್ನೂ ಗಮನಿಸಿದರು. ಇಂಥದೇ ಪಟ್ಟಿಗಳನ್ನು ಅವರು ಧಾರವಾಡ, ಗದಗ, ಸಂಡೂರುಗಳಲ್ಲಿ ಕಂಡಿದ್ದರು. ಅಲ್ಲಿಯವರೆಗೆ ಈ ಎಲ್ಲ ಹಳೆಯ ಕಲ್ಲುಗಳನ್ನು ಒಂದೇ ಗುಂಪಿಗೆ ಸೇರಿಸುತ್ತಿದ್ದರು. ಇವು ಸುತ್ತಲಿನ ಬಂಡೆಗಿಂತ ಬೇರೆ, ಇವಕ್ಕೆ ಬೇರೆ ಹುಟ್ಟು ಇದೆ ಎಂದು ಬಿಡಿಸಿ ತೋರಿಸಿದವರು ಫೂಟ್. 1880ರ ದಶಕದಲ್ಲಿ ಇವಕ್ಕೆ ಧಾರವಾಡ ಶಿಲಾವರ್ಗ ಎಂದು ಹೆಸರಿಟ್ಟು, ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಈ ಕಲ್ಲುಗಳಲ್ಲೇ ಇದೆ ಎಂದು ಬರೆದರು. ನಮ್ಮ ಕನ್ನಡದ ಊರಿನ ಹೆಸರು ಇಂದು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ. ಹಟ್ಟಿಯಿಂದ ಮಸ್ಕಿಯವರೆಗಿನ ಪಟ್ಟಿಗೂ ಅಲ್ಲಿ ತನ್ನದೇ ಜಾಗವಿದೆ.

ಈ ಪಟ್ಟಿ ಆದದ್ದು ಹೇಗೆ? ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿ ನೀರಿತ್ತು. ನೀರಿನ ತಳದಲ್ಲಿ ಲಾವಾ ಉಕ್ಕಿ, ತಣ್ಣೀರು ತಗಲಿ, ದಿಂಬಿನ ಆಕಾರದ ಮುದ್ದೆಗಳಾಗಿ ಹೆಪ್ಪುಗಟ್ಟಿತು. ಆ ಲಾವಾ ನೆಲದೊಳಕ್ಕೆ ಹೂತುಹೋಗಿ, ಮಡಿಸಿ, ಕಾದು, ಹಿಸುಕಿಸಿಕೊಂಡು, ಒಳಗಿನ ಖನಿಜಗಳೆಲ್ಲ ಹೊಸ ರೂಪ ತಳೆದು ಸೀಳುವ ಕಲ್ಲಾಯಿತು. ಇತ್ತ ನೆಲದ ಆಳದಲ್ಲಿ ಬೇರೊಂದು ಶಿಲಾರಸ ಮೇಲಕ್ಕೆ ಬರಲಾರದೆ ಅಲ್ಲೇ ಲಕ್ಷಾಂತರ ವರ್ಷ ನಿಧಾನವಾಗಿ ಆರಿತು. ನಿಧಾನವಾಗಿ ಆರಿದ್ದರಿಂದ ಹರಳುಗಳು ದೊಡ್ಡದಾಗಿ ಬೆಳೆದವು. ಅದೇ ಗ್ರಾನೈಟ್. ಒಡೆದ ಬಂಡೆಯ ಹೊಸ ಮೈ ನೋಡಿ: ಗಾಜಿನಂತೆ ಕಾಣುವುದು ಬೆಣಚು, ಬಿಳುಪು ಅಥವಾ ತಿಳಿಗೆಂಪಿನದು ಫೆಲ್ಡ್‌ಸ್ಪಾರ್, ಮಿಣುಕುವುದು ನಮ್ಮ ಕಾಗೆಬಂಗಾರ.

ಇನ್ನು ಚಿನ್ನ. ಆಳದ ಬಿಸಿನೀರು ಕಲ್ಲಿನ ಬಿರುಕುಗಳಲ್ಲಿ ಹರಿಯುತ್ತ ಬೆಣಚಿನ ಅಂಶವನ್ನೂ ಎಳ್ಳಷ್ಟು ಚಿನ್ನವನ್ನೂ ಕರಗಿಸಿ ತಂದಿತು. ಒತ್ತಡ ಇಳಿದಲ್ಲಿ, ತಣಿದಲ್ಲಿ, ಸುತ್ತಲ ಕಲ್ಲಿನ ಕಬ್ಬಿಣ ತಾಗಿದಲ್ಲಿ ಅದನ್ನು ಇಳಿಸಿಬಿಟ್ಟಿತು. ಹಾಗಾಗಿಯೇ ಹಟ್ಟಿಯಲ್ಲಿ ಒಂದು ಟನ್ ಅದಿರು ಒಡೆದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಸುಮಾರು 2000 ವರ್ಷಗಳ ಹಿಂದೆಯೇ ಇಲ್ಲಿನ ಜನ ಬೆಂಕಿಯಿಂದ ಬಂಡೆ ಕಾಯಿಸಿ, ಬಿರಿಸಿ, ಸುಮಾರು 190 ಮೀಟರ್ ಆಳದವರೆಗೆ ಇಳಿದಿದ್ದರು. ಮಗಳ ಮದುವೆಗೆ ತಾಳಿ ಮಾಡಿಸುವಾಗ ಆ ಬಿಸಿನೀರನ್ನೂ ಆ ಗಣಿಗಾರರ ಉಸಿರನ್ನೂ ಒಮ್ಮೆ ನೆನೆಯಿರಿ.

ಕಲ್ಲಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೇಲಿದ್ದ ಭಾರವೆಲ್ಲ ಸವೆದುಹೋಗಿ ಗ್ರಾನೈಟ್ ಹೊರಗೆ ಬಂತು. ಬಿಸಿಲು ಮಳೆಗಳಿಗೆ ಅದರ ಮೂಲೆಗಳು ಮೊದಲು ಸವೆದವು, ಈರುಳ್ಳಿಯ ಸಿಪ್ಪೆಯಂತೆ ಪದರ ಕಳಚಿತು, ಬಂಡೆ ಗುಂಡಗಾಯಿತು. ಕಳಚಿದ ಫೆಲ್ಡ್‌ಸ್ಪಾರ್ ಜೇಡಿಯಾಯಿತು, ಬೆಣಚು ಹಳ್ಳದ ಮರಳಾಯಿತು. ಸಿಂಧನೂರಿನ ಎರೆ ಭೂಮಿಯೂ ಒಂದು ಕಾಲದ ಕಲ್ಲೇ. ನಾವು ಉಣ್ಣುವ ಅನ್ನ ಕಲ್ಲಿನಿಂದ ಬಂದದ್ದು.

ಅವರು ಕಾಣದೆ ಹೋದದ್ದು

1891ರಲ್ಲಿ ಫೂಟ್ ನಿವೃತ್ತರಾದರು. ಬರೋಡಾ ಸಂಸ್ಥಾನಕ್ಕೆ ದುಡಿದರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದನ್ನು ನಡೆಸಿಕೊಟ್ಟರು. ಕೊನೆಗೆ ಸೇಲಂ ಬಳಿಯ ಯೇರ್ಕಾಡಿನಲ್ಲಿ ನೆಲೆಸಿದರು. ಜೀವಮಾನವೆಲ್ಲ ಕೂಡಿಸಿದ ಪುರಾತನ ವಸ್ತುಗಳು 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಪ್ರತಿಯೊಂದು ವಸ್ತುವೂ ಎಲ್ಲಿ ಸಿಕ್ಕಿತೆಂದು ಬರೆದಿಡುವ ಕೆಲಸಕ್ಕೆ ಅವರು ತಮ್ಮ ಕೊನೆಯ ವರ್ಷಗಳನ್ನು ಕೊಟ್ಟರು. ಏಕೆಂದರೆ ಊರು ಗೊತ್ತಿಲ್ಲದ ಕಲ್ಲು ಮೂಕ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಆ ಪಟ್ಟಿ ಅಚ್ಚಾಗಿ ಬಂದದ್ದು ಅವರ ಮರಣದ ನಂತರ.

ಅವರು ಹೋಗಿ ಎರಡು ವರ್ಷ ದಾಟಿತ್ತು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಮಸ್ಕಿಯ ಗುಡ್ಡದಲ್ಲಿ ಬಂಡೆಯ ಮೇಲಿನ ಒಂದು ಬರಹವನ್ನು ಕಂಡರು. ಅದು ಮೌರ್ಯ ಚಕ್ರವರ್ತಿಯ ಶಾಸನ. ದೇವಾನಾಂಪ್ರಿಯ ಎಂಬ ಬಿರುದಿನಿಂದಷ್ಟೇ ತಿಳಿದಿದ್ದ ಅರಸನ ಹೆಸರು ಅಶೋಕ ಎಂದು ಸ್ಪಷ್ಟವಾಗಿ ತೋರಿಸಿದ ಮೊದಲ ಶಾಸನವೇ ಅದು. ಫೂಟ್ ಎರಡು ಬಾರಿ ಬಂದ ಊರು, ಎರಡು ಸಾವಿರ ವರ್ಷಕ್ಕೂ ಹಳೆಯ ಬರಹ. ಆದರೂ ಅದು ಅವರ ಪಾಲಿಗೆ ಬರಲಿಲ್ಲ. ಎಷ್ಟೇ ಸೂಕ್ಷ್ಮ ಕಣ್ಣಿಗೂ ದಕ್ಕದೆ ಉಳಿಯುವುದು ಇರುತ್ತದೆ; ಅದು ಮುಂದೆ ಬರುವವರ ಪಾಲು. ಬಂಡೆ ಉಳಿದಿದ್ದರಿಂದ ಬೀಡನ್ ಅವರಿಗೆ ಅದು ಸಿಕ್ಕಿತು. ಆ ನಡುವೆ ಯಾರಾದರೂ ಅದನ್ನು ಒಡೆದು ಗೋಡೆಗೆ ಹಾಕಿದ್ದರೆ?

ಓದುಗರೇ, ಈ ಪ್ರಶ್ನೆ ಇಂದು ನಮ್ಮದು. 270 ಕೋಟಿ ವರ್ಷ ಎಂಬ ಲೆಕ್ಕ ಕೇಳಿ ಕೆಲವರಿಗೆ ದಿಗಿಲಾಗಬಹುದು. ಆದಿಕಾಂಡದ ಆರು ದಿನಗಳು ಏನಾದವು ಎಂದು ಕೇಳಬಹುದು. ಧರ್ಮಸಭೆ ಆ ದಿನಗಳನ್ನು ಗಡಿಯಾರ ಹಿಡಿದು ಓದಬೇಕೆಂದು ಹೇಳುವುದಿಲ್ಲ. ಸೃಷ್ಟಿಕರ್ತ ಅವಸರಪಡಲಿಲ್ಲ ಎಂದರೆ ಆತನ ಮಹಿಮೆ ಕಡಿಮೆಯಾಗುವುದಿಲ್ಲ. ಅಷ್ಟು ಕಾಲ ತೆಗೆದುಕೊಂಡು ಆದದ್ದನ್ನು ನಾವು ಇಂದು ಒಂದು ಮಧ್ಯಾಹ್ನದಲ್ಲಿ ಸಿಡಿಮದ್ದಿಟ್ಟು ಜಲ್ಲಿ ಮಾಡಬಲ್ಲೆವು. ಮನೆಗೆ, ರಸ್ತೆಗೆ ಕಲ್ಲು ಬೇಕು, ನಿಜ. ಮುದಗಲ್ಲಿನ ಕೋಟೆಯನ್ನು ಕಟ್ಟಿದ್ದೂ ಕಲ್ಲಿನಿಂದಲೇ. ಆದರೆ ಒಡೆಯುವ ಮೊದಲು ನೋಡುವುದು ನಮ್ಮ ಕೈಯಲ್ಲಿದೆ. ಬಂಡೆಯ ಮೇಲೆ ಗೆರೆ, ಚಿತ್ರ, ಅಕ್ಷರ ಇದೆಯೇ? ಹೊಲದಲ್ಲಿ ಉಜ್ಜಿದ ಕಲ್ಲಿನ ಕೊಡಲಿ, ಬೂದಿಯ ದಿಬ್ಬ ಇದೆಯೇ? ಇದ್ದರೆ ಜಾಗ ಬದಲಿಸದೆ ಶಾಲೆಯ ಮೇಷ್ಟ್ರಿಗೆ, ಪಂಚಾಯಿತಿಗೆ, ಪುರಾತತ್ವ ಇಲಾಖೆಗೆ ತಿಳಿಸಿ.

ಮುಂದಿನ ರಜೆಯಲ್ಲಿ ಮಕ್ಕಳನ್ನು ಮಸ್ಕಿಯ ಗುಡ್ಡಕ್ಕೆ ಕರೆದುಕೊಂಡು ಹೋಗಿ ಅಶೋಕನ ಶಾಸನ ತೋರಿಸಿ. ಬರುವಾಗ ದಾರಿಯಲ್ಲಿ ಒಡೆದು ಬಿದ್ದ ಒಂದು ಚೂರನ್ನು ಅವರ ಕೈಯಲ್ಲಿಟ್ಟು ಬೆಣಚು ಯಾವುದು, ಕಾಗೆಬಂಗಾರ ಯಾವುದು ಎಂದು ಕೇಳಿ. ಆ ಕಲ್ಲು ಸಿಕ್ಕಿದ ಊರಿನ ಹೆಸರನ್ನು ಅವರಿಂದಲೇ ಒಂದು ಚೀಟಿಯಲ್ಲಿ ಬರೆಸಿಡಿ.