ಬಿ.ಜಿ.ಎಲ್. ಸ್ವಾಮಿ: ಹಾರ್ವರ್ಡ್‌ನಿಂದ ಹಸುರು ಹೊನ್ನಿನವರೆಗೆ

ಬಿ.ಜಿ.ಎಲ್. ಸ್ವಾಮಿ ಎಂದರೆ ನಮ್ಮ ಅಪ್ಪನಿಗೆ ನೆನಪಾಗುವುದು ‘ಕಾಲೇಜು ರಂಗ’. ಅಜ್ಜಿಗೆ ಅವರು ಡಿ.ವಿ.ಜಿ.ಯವರ ಮಗ. ನಮ್ಮ ಕನ್ನಡ ಶಾಲೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಹಾರ್ವರ್ಡ್‌ನಲ್ಲಿ ಅವರು ಸಂಶೋಧನೆ ಮಾಡಿದ್ದರು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಬೇಕೆಂದಿರುವ ನನಗೆ ಇದು ದೊಡ್ಡ ಸುದ್ದಿ.

ಸ್ವಾಮಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದರು. ಆರ್ಕಿಡ್ ಗಿಡಗಳ ಭ್ರೂಣ ಹೇಗೆ ಬೆಳೆಯುತ್ತದೆ ಎಂಬುದು ಅವರ ಮೊದಲ ಸಂಶೋಧನೆಗಳಲ್ಲಿ ಒಂದು. 1940ರ ದಶಕದ ಕೊನೆಯಲ್ಲಿ ಹಾರ್ವರ್ಡ್‌ಗೆ ಬಂದು ಪ್ರೊಫೆಸರ್ ಇರ್ವಿಂಗ್ ಬೈಲಿಯವರ ಜೊತೆ ಸೇರಿದರು. ಅಲ್ಲಿನ ಕೆಲಸವೆಂದರೆ ಗಿಡದ ಭಾಗಗಳನ್ನು ತುಂಬಾ ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ನಾನು ಶಾಲೆಯ ಲ್ಯಾಬಿನಲ್ಲಿ ಈರುಳ್ಳಿ ಸಿಪ್ಪೆಗೇ ಸೋತವಳು.

ಹೂ ಬಿಡುವ ಹೆಚ್ಚಿನ ಗಿಡಗಳ ಕಾಂಡದಲ್ಲಿ ನೀರು ಮೇಲೇರಲು ಉದ್ದನೆಯ ಕೊಳವೆಗಳಿರುತ್ತವೆ. ಪೈನ್ ಮರದಲ್ಲಿ ಅವು ಇಲ್ಲ. ಅಲ್ಲಿ ನೀರು ಒಂದು ಜೀವಕೋಶದಿಂದ ಇನ್ನೊಂದಕ್ಕೆ ಸಣ್ಣ ಕಿಂಡಿಗಳ ಮೂಲಕ ಸಾಗಬೇಕು. ಸಾರ್ಕಾಂಡ್ರ ಎಂಬ ಪುಟ್ಟ ಗಿಡ ಹೂ ಬಿಟ್ಟರೂ ಅದರಲ್ಲಿ ಕೊಳವೆಗಳಿಲ್ಲ ಎಂದು ಸ್ವಾಮಿ ಮತ್ತು ಬೈಲಿ 1950ರಲ್ಲಿ ಪ್ರಕಟಿಸಿದರು. ಹೂಗಿಡಗಳ ಹಳೆಯ ಲಕ್ಷಣವೊಂದು ಅದರಲ್ಲಿ ಉಳಿದಿದೆ ಎಂದು ಅದರ ಅರ್ಥ. ಆ ಜಾತಿಯ ಒಂದು ಗಿಡಕ್ಕೆ ಸ್ವಾಮಿಯವರು ತಮ್ಮ ಗುರುವಿನ ಹೆಸರನ್ನೇ ಇಟ್ಟರು: ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ. ಮರುವರ್ಷ ಇಬ್ಬರೂ ಇನ್ನೊಂದು ಪ್ರಬಂಧ ಬರೆದರು. ಹೂವಿನಲ್ಲಿ ಬೀಜ ಕಟ್ಟುವ ಭಾಗ ಮೊದಮೊದಲು ನಡುವೆ ಮಡಿಸಿದ ಎಲೆಯಂತೆ ಇತ್ತು ಎಂಬುದು ಅವರ ವಾದ. ಅಮ್ಮ ದೋಸೆ ಮಡಿಸಿ ತಟ್ಟೆಗೆ ಹಾಕಿದಾಗ ನನಗೆ ಇದು ಅರ್ಥವಾಯಿತು.

ಆಮೇಲೆ ಸ್ವಾಮಿಯವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರೊಫೆಸರ್ ಆದರು, ಪ್ರಾಂಶುಪಾಲರೂ ಆದರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿದ ಅನುಭವವೇ ‘ಹಸುರು ಹೊನ್ನು’. ಅದರ ಚಿತ್ರಗಳನ್ನೂ ಅವರೇ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾನು ಈ ವರ್ಷ ಅದನ್ನು ಓದುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ಒಂದು ಪುಟಕ್ಕೆ ಮೂರು ಸಲವಾದರೂ ಅಪ್ಪನನ್ನು ಅರ್ಥ ಕೇಳಬೇಕು, ಕೆಲವು ಪದ ಅವರಿಗೂ ಗೊತ್ತಿಲ್ಲ. ಆದರೆ ನನ್ನ ಬಯಾಲಜಿ ಪಠ್ಯಪುಸ್ತಕ ಒಮ್ಮೆಯೂ ನನ್ನನ್ನು ನಗಿಸಿಲ್ಲ.

ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಹೆಸರು ಮಾಡಿದವರಿಗೆ ಕನ್ನಡದಲ್ಲಿ ಬರೆಯಲೇಬೇಕೆಂದು ಯಾರೂ ಹೇಳಿರಲಿಲ್ಲ. ಅವರು ಬರೆಯದಿದ್ದರೆ ನಾನು ಅಜ್ಜಿಗೆ ಫೋನಿನಲ್ಲಿ ಗಿಡಗಳ ವಿಷಯ ಹೇಳುವಾಗ ಪ್ರತಿ ಪದಕ್ಕೂ ತಡವರಿಸುತ್ತಿದ್ದೆ.

ಸ್ವಾಮಿಯವರು 1980ರಲ್ಲಿ ತೀರಿಕೊಂಡರು. ಏಳು ವರ್ಷಗಳ ನಂತರ ಅಮೆರಿಕದ ಸಸ್ಯಶಾಸ್ತ್ರಜ್ಞ ಶರ್ವಿನ್ ಕಾರ್ಲ್‌ಕ್ವಿಸ್ಟ್ ಸಾರ್ಕಾಂಡ್ರದಲ್ಲೂ ಕೊಳವೆಗಳಿವೆ ಎಂದು ಪ್ರಕಟಿಸಿದರು. ಅದನ್ನು ಓದಿದ ದಿನ ನನಗೆ, ನಮ್ಮವರು ಸೋತರಲ್ಲಾ ಎಂದು, ಬೇಜಾರಾಯಿತು. ಅಜ್ಜಿಗೆ ಫೋನ್ ಮಾಡಿ ಹೇಳಿದೆ. ಎಲ್ಲಿ ಸಿಕ್ಕವಂತೆ ಎಂದು ಕೇಳಿದರು. ಬೇರಿನಲ್ಲಿ ಎಂದೆ.